ಜೋಕಾಲಿ ಟೊಂಗಿ

ಬಿರುಗಾಳಿ ನಿಂತ ಮುಂಜಾನೆ ರಾಯಚೂರಿನ ಓಣಿಯೊಂದರಲ್ಲಿ ರಸ್ತೆಗೆ ಅಡ್ಡ ಬಿದ್ದ ಬೇವಿನ ಗಿಡ ಕಡಿಯಲು ಪಾಲಿಕೆಯಿಂದ ನಾವು ನಾಲ್ವರು ಹೋಗಿದ್ದೆವು. ಮುದುಕಿಯೊಬ್ಬಳು ಅದರ ಟೊಂಗಿ ಮೇಲೆ ಕುಂತುಬಿಟ್ಟಿದ್ದಳು.

"ಯವ್ವಾ, ಏಳ್ರಿ. ದಾರಿ ಸಿಗದ ಆಂಬುಲೆನ್ಸ್ ನಿಂತದ."

"ಏಳ್ತೀನಿ ತಮ್ಮಾ. ನಾಗರಪಂಚಮಿಗೆ ನಾವು ಜೋಕಾಲಿ ಕಟ್ಟತಿದ್ದದ್ದು ಇದಕ್ಕ. ಈ ತುಂಡು ನಮ್ಮ ಮನಿ ಮುಂದ ಇಟ್ಟು ಹೋಗು."

ಹಗ್ಗ ತಿಕ್ಕಿ ಟೊಂಗಿಗೆ ಎರಡು ಗೆರೆ ಬಿದ್ದಿದ್ದವು. ಬೆರಳಾಡಿಸಿದೆ. ನಮ್ಮೂರು ಮಾನ್ವಿಯಲ್ಲಿ ಪಂಚಮಿಗೆ ನನ್ನ ಅಕ್ಕ ಜೀಕುತ್ತಾ ಕಿರುಚುತ್ತಿದ್ದದ್ದು ನೆನಪಾಯಿತು. ಕಡಿದ ಕಟ್ಟಿಗೆಯೆಲ್ಲ ಡಿಪೋಗೇ ಹೋಗಬೇಕು, ಅದು ನಿಯಮ. ಆದರೂ ಆ ತುಂಡನ್ನು ನಾಲ್ವರೂ ಏದುಸಿರು ಬಿಡುತ್ತಾ ಹೊತ್ತು ಆಕೆಯ ಕಟ್ಟೆ ಮೇಲಿಟ್ಟೆವು.

ವರದಿಯಲ್ಲಿ, "ಜೋಕಾಲಿ ಕಟ್ಟುತ್ತಿದ್ದ ಟೊಂಗೆ ಗಾಳಿಗೆ ಹಾರಿಹೋಗಿದೆ" ಎಂದು ಬರೆದೆ.

ನಮ್ಮ ಸಾಹೇಬರೂ ಇದೇ ಸೀಮೆಯ ದೇವದುರ್ಗದವರು. ಓದಿ, ಕನ್ನಡಕ ತೆಗೆದು, "ಹೌದಪಾ, ಗಾಳಿ ಭಾಳ ಜೋರಿತ್ತು" ಎನ್ನುತ್ತಾ ಸಹಿ ಹಾಕಿದರು.