ಹೊಸ ಅಳಿಯ ತಂದ ದೆವ್ವದ ಬಂಗಲೆ

ಮೊಮ್ಮಗಳನ್ನು ಹೊಳಲ್ಕೆರೆಗೆ ಕೊಟ್ಟ ವರ್ಷ, ಮೊದಲ ದೀಪಾವಳಿಗೆ ಅಳಿಯನನ್ನು ಹೊಸದುರ್ಗಕ್ಕೆ ಕರೆಸಿದೆವು. ಹಬ್ಬಕ್ಕೆ ಬಂದ ಹೊಸ ಅಳಿಯನಿಗೆ ನಮ್ಮ ಕಡೆ ಇಲ್ಲ ಅನ್ನುವ ಹಾಗಿಲ್ಲ. ಕೂತಲ್ಲಿಗೆ ತಟ್ಟೆ ಹೋಗಬೇಕು, ಬಾಯಿ ಬಿಟ್ಟು ಕೇಳಿದ್ದು ಕೈಗೆ ಬರಬೇಕು. ಈ ಅಳಿಯ ಬಂಗಾರ ಕೇಳಲಿಲ್ಲ, ಬೈಕು ಕೇಳಲಿಲ್ಲ. ನಮ್ಮ ಟೀವಿ ಕೇಳಿದ.

ಆಳು ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ಮೀಸೆ ಬೇರೆ. ಹೈಸ್ಕೂಲಿನಲ್ಲಿ ಮೇಷ್ಟ್ರು, ಅವನು ವರಾಂಡದಲ್ಲಿ ಕೆಮ್ಮಿದರೆ ಹುಡುಗರು ಪುಸ್ತಕ ತೆಗೆಯುತ್ತಾರಂತೆ. ಅಂಥವನು ಬ್ಯಾಗು ಬಿಚ್ಚಿ, ಹೊಸ ಪಂಚೆಯಲ್ಲಿ ಸುತ್ತಿದ್ದ ಒಂದು ಬೂದು ಬಣ್ಣದ ಡಬ್ಬಿ ತೆಗೆದು ಟೀವಿಗೆ ವೈರು ಸಿಕ್ಕಿಸಿದ. ಹಳೇ ಕಾಲದ ವೀಡಿಯೋ ಗೇಮು. ದೆವ್ವದ ಬಂಗಲೆಯದು.

"ಹೊಳಲ್ಕೆರೇಲಿ ನಮ್ಮವ್ವ ಇಂಥದನ್ನ ಹೊಸಲು ದಾಟಕ್ಕೆ ಬಿಡಲ್ಲ ಅಜ್ಜಿ. ಮನಿಯೊಳಗೆ ದೆವ್ವ ತಂದು ಕುಂದ್ರುಸ್ತೀಯ ಅಂತ ಬೈತಾಳೆ. ಹುಡುಗ ಇದ್ದಾಗ ಬಸ್‌ಸ್ಟ್ಯಾಂಡ್ ಹತ್ರ ಅಂಗಡೀಲಿ ಆಡ್ತಿದ್ದೆ. ಟೈಮಾತು ಏಳಲೇ ಅಂತ ಅಂಗಡಿಯೋನು ಎಬ್ಬುಸ್ತಿದ್ದ. ಒಂದು ಸಲಾನೂ ಕೊನೇ ನೋಡಿಲ್ಲ. ಈ ಹಬ್ಬದಾಗೆ ಮುಗಿಸೇ ಹೋಗ್ಬೇಕು."

ಮದುವೆಯ ದಿನ ಧಾರೆ ಎರೆಯುವಾಗಲೂ ಅವನ ಮುಖದಲ್ಲಿ ಅಷ್ಟು ಆಸೆ ಕಂಡಿರಲಿಲ್ಲ.

"ಆಡಪ್ಪ, ಯಾರು ಬ್ಯಾಡ ಅಂದ್ರು," ಅಂದೆ. ಸೊಸೆ ಅಡಿಗೆ ಮನೆಯಲ್ಲಿದ್ದಳು, ಮೊಮ್ಮಗಳು ತವರಿಗೆ ಬಂದವಳು ಬಿದ್ದುಕೊಂಡು ನಿದ್ದೆ ಹೊಡೆಯುತ್ತಿದ್ದಳು, ಮಗ ಕೊಬ್ಬರಿ ಮಂಡಿಗೆ ಹೋಗಿದ್ದ. ನಾನೂ ಏಳಲು ಹೋದೆ.

"ನೀವು ಕುಂತ್ಕಳ್ರಿ ಅಜ್ಜಿ."

"ನಾನ್ಯಾಕಪ್ಪ?"

"ಸುಮ್ನೆ. ಜೊತೆಗೆ."

ಹಾಗಾಗಿ ಕೂತೆ. ಹೊರಗೆ ಹಪ್ಪಳ ಒಣಗಿಸುವಂಥ ಬಿಸಿಲು, ಒಳಗೆ ಕಿಟಕಿ ಮುಚ್ಚಿಸಿ ದೆವ್ವ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಮನೆ ಹೇಗಿರಬೇಕು ಅಂತ ಗೊತ್ತು. ಆ ಬಂಗಲೆ ಕಟ್ಟಿದವನಿಗೆ ಗೊತ್ತಿರಲಿಲ್ಲ. ಎಷ್ಟು ಬಾಗಿಲು ತೆಗೆದರೂ ಇನ್ನೊಂದು ಬಾಗಿಲು. ಒಂದೊಂದು ಬಾಗಿಲೂ ತೆರೆಯುವುದಕ್ಕೆ ಬಸುರಿ ಹೆಂಗಸು ಎದ್ದು ಬಂದಷ್ಟು ಹೊತ್ತು. ಗೋಡೆಗೆಲ್ಲ ಸತ್ತವರ ಫೋಟೋ, ಒಂದಕ್ಕೂ ಹೂವಿಲ್ಲ. ಪಿಯಾನೋ ಇಡಲು ಒಂದು ಕೋಣೆ ಇದೆ, ಅಡಿಗೆ ಮನೆ ಮಾತ್ರ ಎಲ್ಲೂ ಕಾಣಲಿಲ್ಲ.

"ಇವ್ರೆಲ್ಲ ಉಂಡಿದ್ದೆಲ್ಲಿ?" ಅಂತ ಕೇಳಿದೆ.

"ಅಜ್ಜಿ, ಅದು ಮುಖ್ಯ ಅಲ್ಲ."

"ಉಣ್ಣಕ್ಕಿಲ್ದೇ ಸತ್ತವ್ರೆ ಬಿಡು."

ಬಂಗಲೆಯೊಳಗೆ ಓಡಾಡುವವನು ಟೈ ಕಟ್ಟಿದ ಒಬ್ಬ ಬಿಳಿಯ. ಮುಖ ಬಡಗಿ ಬಾಚಿಯಲ್ಲಿ ಕೆತ್ತಿದ ಹಾಗೆ. ತಂಗಿಯನ್ನು ಹುಡುಕಲು ಬಂದಿದ್ದಾನೆ. ಅವನಿಗೆ ತಿರುಗುವುದೇ ಬರುವುದಿಲ್ಲ. ಹಿಂದೆ ದೆವ್ವ ಬರುತ್ತಿದ್ದರೂ ನಿಂತಲ್ಲೇ ಗಾಣದ ಎತ್ತಿನ ಹಾಗೆ ಸುತ್ತಿ, ಆಮೇಲೆ ಓಡಬೇಕು. ನಾವು ಅವನನ್ನು ನೋಡುವುದೂ ಸೂರಿನ ಮೂಲೆಯಿಂದ, ಹಲ್ಲಿ ನೋಡಿದ ಹಾಗೆ. ಕೈಯಲ್ಲಿ ನಾಲ್ಕು ಸಾಮಾನು ಇದ್ದರೆ ಐದನೆಯದು ಎತ್ತಿಕೊಳ್ಳುವುದಿಲ್ಲ. ಹೆಗಲ ಮೇಲೆ ಒಂದು ಟವಲಿದ್ದರೆ ಇಡೀ ಬಂಗಲೆಯನ್ನೇ ಗಂಟು ಕಟ್ಟಿಕೊಂಡು ಬರಬಹುದಿತ್ತು. ಹೇಳಿದೆ. ಅಳಿಯ ಕೇಳಿಸಿಕೊಳ್ಳಲಿಲ್ಲ.

ದೆವ್ವ ಅಂದರೆ ಬಿಳಿ ಗೌನಿನ ಒಬ್ಬಳು. ಕನ್ನಡಿಯಿಂದ ಇಳಿದು ಬರುತ್ತಾಳೆ. ಅವಳು ಬಂದಾಗಲೆಲ್ಲ ನಮ್ಮ ಮೇಷ್ಟ್ರು "ಅವ್ವಾ!" ಅಂದು ಕಾಲು ಮೇಲೆತ್ತಿ ಸೋಫಾದ ಮೇಲಿಡುತ್ತಿದ್ದ. ಸೊಸೆ ಸೌಟು ಹಿಡಿದು ಓಡಿ ಬರುವಳು.

"ಏನಾತು ಅಳಿಯಂದ್ರಿಗೆ?"

"ಏನಿಲ್ಲ ಅತ್ತೆ, ಇರುವೆ ಕಚ್ತು."

ಆಮೇಲೆ ಹಿತ್ತಲಿನ ಬಚ್ಚಲಿಗೆ ಹೋಗಬೇಕಾದರೂ ಒಬ್ಬನೇ ಹೋಗುತ್ತಿರಲಿಲ್ಲ. "ಎಮ್ಮೆ ನೋಡ್ಕಂಬರಾಣ ಬರ್ರಿ ಅಜ್ಜಿ," ಅನ್ನುವನು. ನಮ್ಮ ಎಮ್ಮೆಯನ್ನು ಅಷ್ಟು ಸಲ ನೋಡಿದವರು ಅದನ್ನು ಕೊಳ್ಳಲು ಬಂದವರಲ್ಲಿ ಕೂಡ ಇಲ್ಲ.

ಮೊದಮೊದಲು ನಾನು ಅವನಿಗೆ ಬಹುವಚನ ಕೊಡುತ್ತಿದ್ದೆ. "ಆ ಬಾಗ್ಲು ತೆಗೀರಿ, ಈ ಕಡೆ ಬರ್ರಿ" ಅಂತ. ದೆವ್ವ ಬೆನ್ನಿಗೆ ಬಂದಾಗ ಮರ್ಯಾದೆಗೆ ಟೈಮಿರುವುದಿಲ್ಲ. "ಓಡಲೇ ಬೇಕೂಫ, ನಿಂತ್ಕಂಡು ಏನ್ ನೋಡ್ತೀಯ!" ಅಂತ ಒಮ್ಮೆ ಕೂಗಿಬಿಟ್ಟೆ. ಅಡಿಗೆ ಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಸೊಸೆ ಆಮೇಲೆ ನನ್ನನ್ನು ಮೂಲೆಗೆ ಕರೆದು, "ಅತ್ತೆ, ಹೊಸ ಅಳಿಯನಿಗೆ ಹಂಗಂತಾರಾ?" ಅಂತ ಅತ್ತಳು. ಅಳಿಯನಿಗೆ ಅದು ಕೇಳಿಸಿರಲೇ ಇಲ್ಲ. ಓಡುತ್ತಿದ್ದ.

ಆ ಬಂಗಲೆಯಲ್ಲಿ ಒಂದು ದೊಡ್ಡ ಗಡಿಯಾರವಿದೆ. ಅಲ್ಲಿಗೆ ಹೋಗಿ ಕೀಲಿ ಕೊಟ್ಟರೆ ಮಾತ್ರ ಅಲ್ಲಿಯ ತನಕ ಆಡಿದ್ದು ಉಳಿಯುತ್ತದೆ. ಇಲ್ಲದಿದ್ದರೆ ಹೋಯಿತು. ಗುರುವಾರ ಸಂಜೆ ಗಂಡ ಹೆಂಡತಿ ಹೊಳಲ್ಕೆರೆಗೆ ಹೊರಡುವುದು ಅಂತ ನಿಗದಿಯಾಗಿತ್ತು. ಅವತ್ತು ಬೆಳಿಗ್ಗೆಯಿಂದ ಆಡಿ, ಮೇಲಿನ ಮಹಡಿಯನ್ನೆಲ್ಲ ಗೆದ್ದು, ಗಡಿಯಾರದ ಹತ್ತಿರ ಬರುತ್ತಿದ್ದ ಹಾಗೆ ನಮ್ಮ ಹೊಸದುರ್ಗದಲ್ಲಿ ಕರೆಂಟು ಹೋಯಿತು.

ಅಳಿಯ ಕಪ್ಪು ಟೀವಿಯನ್ನೇ ನೋಡುತ್ತ ಕೂತ. ಹೆಣದ ಮುಂದೆ ಕೂತವರು ಕೂಡ ಅಷ್ಟು ಹೊತ್ತು ಸುಮ್ಮನಿರುವುದಿಲ್ಲ, ಕಾಫಿ ಕೇಳುತ್ತಾರೆ.

"ಹೋಗ್ಲಿ ಬಿಡಿ ಅಜ್ಜಿ," ಅಂದ. ವೈರು ಸುತ್ತಲು ಶುರು ಮಾಡಿದ.

ನನಗೆ ಅಯ್ಯೋ ಪಾಪ ಅನ್ನಿಸಿತು ಅಂತೇನಲ್ಲ. ನಾಲ್ಕು ದಿನ ನನ್ನ ಧಾರಾವಾಹಿ ಬಿಟ್ಟು ಆ ಟೈ ಕಟ್ಟಿದವನ ಹಿಂದೆ ತಿರುಗಿದ್ದೆ. ತಂಗಿ ಸಿಗುತ್ತಾಳೋ ಇಲ್ಲವೋ ಅಂತ ನನಗೂ ಗೊತ್ತಾಗಬೇಕಿತ್ತು.

ಅಡಿಗೆ ಮನೆಗೆ ಹೋಗಿ, "ಹೋಳಿಗೆ ಉಣ್ದೆ ಅಳಿಯನ್ನ ಕಳ್ಸಂಗಿಲ್ಲ," ಅಂದೆ.

"ಕರೆಂಟಿಲ್ಲ ಅತ್ತೆ, ಮಿಕ್ಸಿ ಓಡಲ್ಲ," ಅಂದಳು ಸೊಸೆ.

"ಕಲ್ಲೈತಲ್ಲ. ನಾನೇ ಹೂರಣ ರುಬ್ತೀನಿ."

ರುಬ್ಬಿದೆ. ವಯಸ್ಸಾದವಳು, ಕೈ ನಿಧಾನ. ನಡುನಡುವೆ ಎಲೆ ಅಡಿಕೆ ಹಾಕಿಕೊಂಡೆ. ಹೋಳಿಗೆ ಬೆಂದು ಎಲೆಗೆ ಬೀಳುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ದೀಪ ಹಚ್ಚಿದ ಮೇಲೆ ಮನೆಮಗಳನ್ನು ಹೊರಗೆ ಕಳಿಸುವುದುಂಟೇ? ಮಾರನೇ ದಿನ ಶುಕ್ರವಾರ. ಶುಕ್ರವಾರ ಮಗಳನ್ನು ಕಳಿಸಿದರೆ ಮನೆಯ ಲಕ್ಷ್ಮಿಯನ್ನು ಕಳಿಸಿದ ಹಾಗೆ. ಇನ್ನು ಶನಿವಾರವೇ.

ಅಳಿಯ ಹೆದರುತ್ತಲೇ ಅವರಮ್ಮನಿಗೆ ಫೋನು ಮಾಡಿದ. ಶಾಸ್ತ್ರದ ವಿಷಯದಲ್ಲಿ ಬೀಗಿತ್ತಿ ನನಗಿಂತ ಗಟ್ಟಿ. "ಶುಕ್ರವಾರ ಹೆಣ್ಣು ಕರ್ಕಂಡು ಬರ್ತೀಯೇನೋ? ಬುದ್ಧಿ ಐತಾ?" ಅಂತ ಅವನಿಗೇ ಬೈದಳು. ಅಳಿಯನ ಮುಖ ಅರಳಿತು. ಬೀಗಿತ್ತಿ ಮುಂದುವರಿಸಿದಳು: "ನಾನೇ ನಾಳೆ ಸಂಜಿಗೆ ಬರ್ತೀನಿ. ಶನಿವಾರ ಎಲ್ರೂ ಕೂಡಿ ಬರಾಣ." ಮುಖ ಮತ್ತೆ ಮುದುಡಿತು.

ಕರೆಂಟು ರಾತ್ರಿಯೇ ಬಂದಿತ್ತು. ಶುಕ್ರವಾರ ಪೂಜೆ ಮುಗಿದಿದ್ದೇ ತಡ, ಇಬ್ಬರೂ ಕೂತೆವು. ಮಧ್ಯಾಹ್ನದ ಊಟವೂ ಟೀವಿ ಮುಂದೆಯೇ. ಕೈಬಿಟ್ಟು ಹೋದ ಮಹಡಿಯನ್ನು ಮತ್ತೆ ಗೆದ್ದು, ಕೊನೆಯ ಕೋಣೆಗೆ ಬಂದೆವು. ಸುತ್ತ ಕನ್ನಡಿ. ಬಿಳಿ ಗೌನಿನವಳು ಯಾವುದೋ ಒಂದರಿಂದ ಇಳಿಯುತ್ತಾಳೆ. ಅವಳು ತೀರ ಹತ್ತಿರ ಬಂದಾಗ ಉರಿಯುವ ಲಾಟೀನು ಎಸೆಯಬೇಕು. ಮೊದಲೇ ಎಸೆದರೆ ತಾಗುವುದಿಲ್ಲ, ತಡವಾದರೆ ಇವನ ಕುತ್ತಿಗೆ ಹಿಡಿಯುತ್ತಾಳೆ. ನಮ್ಮವನಿಗೆ ತಡವಾಗುವ ಮಾತೇ ಇಲ್ಲ. ಅವಳ ಗೌನಿನ ಅಂಚು ಕಂಡರೆ ಸಾಕು, ಎಸೆದೇಬಿಡುವನು. ಸತ್ತ. ಗಡಿಯಾರದಿಂದ ಮತ್ತೆ ಬಂದ. ಮತ್ತೆ ಸತ್ತ.

"ತಡಿಯೋ ಸ್ವಲ್ಪ! ಅವ್ಳು ಬರ್ಲಿ!"

"ಬರಾದೇ ಭಯ ಅಜ್ಜಿ!"

ಮತ್ತೊಂದು ಸಲ ಕೋಣೆಗೆ ಬಂದದ್ದೇ, ಹೊರಗೆ ಗೇಟಿನ ಸದ್ದು. "ಯಾರೈದೀರವ್ವ ಮನಿಯಾಗೆ?" ಬೀಗಿತ್ತಿ. ಸಂಜೆಯ ಬದಲು ಮಧ್ಯಾಹ್ನಕ್ಕೇ ಬಂದಿದ್ದಳು, ಯಾರದೋ ಕಾರು ಸಿಕ್ಕಿತಂತೆ. ಅಳಿಯ ಆಟ ಆಡಿಸುವ ಬಟನ್ನಿನ ಹಿಡಿಯನ್ನು ಸುಟ್ಟ ಆಲೂಗೆಡ್ಡೆಯ ಹಾಗೆ ನನ್ನ ಮಡಿಲಿಗೆ ಎಸೆದು, ಗೋಡೆಗೆ ಒರಗಿ ಕ್ಯಾಲೆಂಡರ್ ಓದುತ್ತ ನಿಂತ.

ಬೀಗಿತ್ತಿ ಒಳಗೆ ಬಂದಳು. ಟೀವಿಯಲ್ಲಿ ದೆವ್ವ. "ಇದೇನು!" ಅಂದಳು. ಕಣ್ಣು ಮಗನ ಮೇಲೆ.

"ಬರ್ರಿ ಬೀಗರೆ, ಕುಂತ್ಕಳ್ರಿ," ಅಂದೆ. "ಇದು ನಂದು. ನಾನಾಡಾದು. ಒಬ್ಬಳಿಗೇ ಭಯ ಆಗ್ತೈತೆ ಅಂತ ನಿಮ್ಮ ಮಗನ್ನ ಕುಂದ್ರುಸ್ಕಂಡಿದ್ದೆ."

ಬೀಗರ ಮನೆಯ ಹಿರಿಯಳಿಗೆ ಏನೆನ್ನುತ್ತಾಳೆ? "ನಿಮ್ಮದಾ ಅಮ್ಮಾ?" ಅಂದು ಕೂತಳು. "ಈ ವಯಸ್ಸಿಗೆ?"

"ಮಂಡಿ ನೋವು. ಇನ್ನೆಲ್ಲಿಗೆ ಹೋಗಾಣ? ದಾರಿ ಹೆಂಗಿತ್ತು? ಕಾಫಿನೋ, ಮಜ್ಜಿಗೇನೋ?"

"ಏನೂ ಬ್ಯಾಡ ಅಮ್ಮ, ದಾರಿಯಾಗೆ ನಮ್ಮಕ್ಕನ ಮನೀಲಿ ಉಂಡು ಬಂದೆ. ಅಮ್ಮಾ... ಅಮ್ಮಾ, ಅವ್ಳು ಬಂದ್ಲು! ಹಿಂದೆ! ನಿಮ್ಮ ಹಿಂದೆ! ಹೊಡೀರಿ!"

ಬೀಗಿತ್ತಿ ನನ್ನ ತೋಳನ್ನು ಎಷ್ಟು ಜೋರಾಗಿ ಹಿಡಿದಳೆಂದರೆ ನನ್ನ ಹೆಬ್ಬೆರಳು ತಾನಾಗಿ ಬಟನ್ನಿನ ಮೇಲೆ ಬಿತ್ತು. ಲಾಟೀನು ಹಾರಿತು. ಗೌನಿಗೆ ಬೆಂಕಿ ಹತ್ತಿತು. ಕನ್ನಡಿಗಳು ಒಡೆದವು, ಸೂರು ಕುಸಿಯಿತು, ಟೈ ಕಟ್ಟಿದವನು ತಂಗಿಯನ್ನು ಎಳೆದುಕೊಂಡು ಹೊರಗೆ ಓಡಿದ. ಹಿಂದೆ ಬಂಗಲೆ ಉರಿಯಿತು. ಸೂರ್ಯ ಹುಟ್ಟಿದ. ಇಂಗ್ಲಿಷು ಅಕ್ಷರಗಳು ಮೇಲಕ್ಕೆ ಹೋಗತೊಡಗಿದವು.

"ಇಷ್ಟೇನಾ?" ಅಂದೆ.

"ಆ ಹುಡ್ಗಿ ಉಳ್ಕಂಡ್ಲಲ್ಲಮ್ಮ, ಅಷ್ಟೇ ಸಾಕು," ಅಂದಳು ಬೀಗಿತ್ತಿ ಎದೆ ಮುಟ್ಟಿಕೊಂಡು.

ಕ್ಯಾಲೆಂಡರ್ ಬಿಟ್ಟು ತಿರುಗಿದ್ದ ಅಳಿಯನ ಬಾಯಿ ತೆರೆದೇ ಇತ್ತು. ಸಂತೋಷವೋ, ಹೊಟ್ಟೆಯುರಿಯೋ, ಎರಡೂ ಇದ್ದಿರಬೇಕು.

ಶನಿವಾರ ಬೆಳಿಗ್ಗೆ ಬಟ್ಟೆ ತುಂಬುವಾಗ ಬೀಗಿತ್ತಿಯೇ ಮಗನ ಬ್ಯಾಗಿನಲ್ಲಿ ಪಂಚೆ ಬಿಚ್ಚಿ ನೋಡಿದಳು. "ಲೇ, ಅಜ್ಜಿ ಡಬ್ಬಿ ಯಾಕೋ ಇಟ್ಕಂಡೆ? ಹಬ್ಬಕ್ಕೆ ಬಂದ ಮನೀಲಿ ಕೈ ಹಚ್ತಾರಾ? ಎಲ್ಲಿತ್ತೋ ಅಲ್ಲಿಡು!"

ಅವನು ನನ್ನನ್ನು ನೋಡಿದ. ನಾನು ಏನು ಹೇಳಲಿ? ನನ್ನದು ಅಂತ ನಾನೇ ಹೇಳಿಯಾಗಿತ್ತು. ಡಬ್ಬಿ ಟೀವಿಯ ಕೆಳಗೆ ಹೋಗಿ ಕೂತಿತು.

ಬಸ್ಸು ಹತ್ತುವ ಮುಂಚೆ ಕಾಲಿಗೆ ಬೀಳುವ ನೆಪದಲ್ಲಿ ಬಗ್ಗಿ, ಪಿಸುಗುಟ್ಟಿದ: "ಅದು ಲೆಕ್ಕಕ್ಕಿಲ್ಲ ಅಜ್ಜಿ. ಮುಗಿಸಿದ್ದು ನಾನಲ್ಲ. ಮುಂದಿನ ಹಬ್ಬಕ್ಕೆ ಬಂದು ಮೊದ್ಲಿಂದ ಆಡ್ತೀನಿ. ಅಲ್ಲಿಗಂಟ ನೀವು ಮುಟ್ಬಾರ್ದು."

"ಚೆನ್ನಾಗಿರಪ್ಪ," ಅಂತ ತಲೆ ಮೇಲೆ ಕೈ ಇಟ್ಟೆ. ಮುಟ್ಟುವುದಿಲ್ಲ ಅಂತ ಮಾತು ಮಾತ್ರ ಕೊಡಲಿಲ್ಲ. ಟೀವಿ ನಮ್ಮದು.