ಅವ್ವನ ಹರಳೆಣ್ಣೆ

ಮೊದಲ ಸಲ ಉಸಿರು ಕಟ್ಟಿದ್ದು ಬಾಗಲೂರು ರಸ್ತೆಯ ನಮ್ಮ ಮನೆಯ ಮೆಟ್ಟಿಲ ಮೇಲೆ. ಗ್ಯಾಸ್ ಸಿಲಿಂಡರ್ ಹೊತ್ತಿದ್ದರೆ ಒಂದು ಮಾತು. ಕೈಯಲ್ಲಿದ್ದದ್ದು ಒಂದು ಕಟ್ಟು ಕೊತ್ತಂಬರಿ ಸೊಪ್ಪು. ಅಷ್ಟಕ್ಕೇ ಕೆಮ್ಮು ಬಂತು, ಕೂತೆ. ಹೆಂಡತಿ ಸರೋಜ ಬಾಗಿಲಿಗೆ ಬಂದು ನೋಡಿದಳು.

"ಏನ್ರೀ, ಗಾಡಿ ಎಳ್ಕೊಂಡ್ ಬಂದಂಗೆ ಏದುಸಿರು ಬಿಡ್ತಿದ್ದೀರ?"

ನಕ್ಕೆ. ನಕ್ಕಿದ್ದಕ್ಕೆ ಮತ್ತೆ ಕೆಮ್ಮು ಬಂತು.

ಕಾಯಿಲೆ ಎಂದರೆ ನನಗೆ ಮೊದಲಿನಿಂದಲೂ ಸಸಾರ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಲೋಹ ಕೊರೆಯುವ ಸಿಎನ್‌ಸಿ ಮಷಿನ್ ಮುಂದೆ ನಿಂತೇ ತಲೆ ನರೆಸಿಕೊಂಡವನು. ಚಳಿಗಾಲದಲ್ಲಿ ಜೊತೆಯವರೆಲ್ಲ ಕರ್ಚೀಫು ಒದ್ದೆ ಮಾಡಿಕೊಂಡು ಓಡಾಡುತ್ತಿದ್ದರೆ, ನಾನು ಮೂಗು ಮೇಲೆತ್ತಿ ನಡೆಯುತ್ತಿದ್ದೆ. ಕೆಲಸಕ್ಕೆ ಸೇರಿದ ಮೇಲೆ ನನ್ನ ಮೂಗು ಕಟ್ಟಿದ್ದೇ ಇಲ್ಲ. ಯಾರಾದರೂ ಗುಟ್ಟು ಕೇಳಿದರೆ ಅವ್ವನ ಆಶೀರ್ವಾದ ಎನ್ನುತ್ತಿದ್ದೆ. ಆ ಜಂಬ ಈಗ ನೆನೆದರೆ ನಾಚಿಕೆಯೂ ಆಗುತ್ತದೆ, ನಗುವೂ ಬರುತ್ತದೆ.

ಕೆಮ್ಮು ಹೋಗಲಿಲ್ಲ. ಸಿರಪ್ ಕುಡಿದೆ. ಆಂಟಿಬಯಾಟಿಕ್ ನುಂಗಿದೆ. ಟಿಬಿ ಇರಬಹುದೆಂದು ಕಫ ಪರೀಕ್ಷೆ ಮಾಡಿಸಿದರು, ಅದೂ ಅಲ್ಲವಂತೆ. ಎಕ್ಸ್‌ರೇಯಲ್ಲಿ ಬಲಗಡೆಯ ಶ್ವಾಸಕೋಶದ ಕೆಳಭಾಗದಲ್ಲಿ ಒಂದು ಬಿಳಿ ಮಚ್ಚೆ ಕಂಡಿತು. ಅದನ್ನು ನೋಡಿದ ಡಾಕ್ಟರು ನನ್ನ ಮುಖ ನೋಡದೆ ಸರೋಜಳ ಮುಖ ನೋಡಿದರು.

"ಗಡ್ಡೆ ಇದ್ದಂಗಿದೆ. ಕ್ಯಾನ್ಸರ್ ಅಲ್ಲ ಅಂತ ಗ್ಯಾರಂಟಿ ಮಾಡ್ಕೋಬೇಕು. ಸಿಟಿ ಸ್ಕ್ಯಾನ್ ಮಾಡಿಸಿ, ಲಂಗ್ಸ್ ಡಾಕ್ಟರ್ ಹತ್ರ ಹೋಗಿ."

ಅವರು 'ಅಲ್ಲ' ಎಂದದ್ದು ನಮ್ಮಿಬ್ಬರಿಗೂ ಕೇಳಿಸಲಿಲ್ಲ.

ಸ್ಕ್ಯಾನ್ ಆಗಿ ಲಂಗ್ಸ್ ಡಾಕ್ಟರು ಸಿಗುವವರೆಗಿನ ದಿನಗಳಲ್ಲಿ ನಾನು ಮುಂದಿನದನ್ನು ಯೋಚಿಸಲಿಲ್ಲ. ಯೋಚಿಸಲು ಧೈರ್ಯ ಇರಲಿಲ್ಲ. ಮನಸ್ಸು ಹಿಂದಕ್ಕೆ, ಬೇರಿಕೆಯ ಪಕ್ಕದ ನಮ್ಮೂರಿಗೆ ಓಡಿಹೋಗುತ್ತಿತ್ತು. ರಾಗಿ ಹೊಲದ ಅಂಚಿನುದ್ದಕ್ಕೂ ಅವ್ವ ಹರಳುಗಿಡ ಹಾಕುತ್ತಿದ್ದಳು. ಕಾಯಿ ಒಣಗಿದ ಮೇಲೆ ಬೀಜ ಹುರಿದು, ಒರಳಿನಲ್ಲಿ ಕುಟ್ಟಿ, ದೊಡ್ಡ ಮಡಕೆಯ ನೀರಿನಲ್ಲಿ ಕುದಿಸುವುದು. ಎಣ್ಣೆ ನಿಧಾನವಾಗಿ ಮೇಲೆ ಬಂದು ನಿಲ್ಲುತ್ತಿತ್ತು. ಅವ್ವ ಅದನ್ನು ಸೌಟಿನಿಂದ ತೆಗೆದು ಮತ್ತೆ ಒಲೆಗಿಡುತ್ತಿದ್ದಳು. ನೀರಿನಂಶ ಇರುವವರೆಗೆ ಚಟಪಟ ಸದ್ದು. "ಸದ್ದು ನಿಲ್ಲೋ ತಂಕ ಇಳಿಸ್ಬಾರ್ದು ಕಣಮ್ಮಿ" ಎಂದು ಅಕ್ಕನಿಗೆ ಹೇಳಿಕೊಡುವಳು. ಆ ಹೊಗೆಯ ವಾಸನೆ ಊರವರಿಗೆಲ್ಲ ಕಮಟು. ನನಗೆ ಮಾತ್ರ ಅದು ಅವ್ವನ ಸೆರಗಿನ ವಾಸನೆ.

ಚಿಕ್ಕಂದಿನಲ್ಲಿ ನನಗೆ ಸದಾ ನೆಗಡಿ. ಉಂಡ ಮೇಲೆ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಬೆಚ್ಚಗಿನ ಹರಳೆಣ್ಣೆ ಮೂಗಿಗೆ ಬರುತ್ತಿತ್ತು. ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ನಿದ್ದೆ. ಅವ್ವ ಹೋದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ನಿಜ ಹೇಳಬೇಕೆಂದರೆ ಅವಳು ಹೋದ ಮೇಲೆ ಗಟ್ಟಿಯಾಯಿತು. ಅಕ್ಕ ಮುನಿಯಮ್ಮ ಅದೇ ಮಡಕೆಯಲ್ಲಿ ಎಣ್ಣೆ ಕಾಯಿಸಿ ನನಗೆ ಬಾಟಲಿ ತುಂಬಿ ಕೊಡುತ್ತಿದ್ದಳು. ಮಲಗುವಾಗ ಎರಡೂ ಹೊಳ್ಳೆಗೆ ಹನಿ ಬಿಟ್ಟುಕೊಂಡು ಕಣ್ಣು ಮುಚ್ಚಿದರೆ, ಹೊಸೂರಿನ ಲಾರಿಗಳ ಸದ್ದೆಲ್ಲ ದೂರವಾಗಿ ನಾನು ಆ ತೊಡೆಯ ಮೇಲಿರುತ್ತಿದ್ದೆ.

ಲಂಗ್ಸ್ ಡಾಕ್ಟರು ಧರ್ಮಪುರಿ ಕಡೆಯ ಹೆಂಗಸು. ನನ್ನೊಡನೆ ತಮಿಳಿನಲ್ಲೇ ಮಾತು. ಸ್ಕ್ಯಾನನ್ನು ಕಂಪ್ಯೂಟರಿನಲ್ಲಿ ಹಿಂದೆ ಮುಂದೆ ಸರಿಸಿ, ಮಚ್ಚೆಯ ಮೇಲೆ ಬಾಣದ ಗುರುತಿಟ್ಟು, "ಭಯಪ್ಪಡಾದೀಂಗ" ಎಂದರು. ಹೆದರಬೇಡಿ ಎನ್ನುವ ಆ ಮಾತನ್ನು ಅಷ್ಟು ದಿನ ಯಾರೂ ಹೇಳಿರಲಿಲ್ಲ. ಮಚ್ಚೆಯ ಡೆನ್ಸಿಟಿ ನೋಡಿದರೆ ಅದರೊಳಗೆ ಕೊಬ್ಬು ಇದ್ದ ಹಾಗಿದೆ, ಕ್ಯಾನ್ಸರ್ ಇರಲಿಕ್ಕಿಲ್ಲ, ಆದರೆ ಕೊಬ್ಬು ಅಲ್ಲಿಗೆ ಹೇಗೆ ಹೋಯಿತು ಎಂದು ಕೇಳಿದರು.

ನನ್ನ ಕೆಲಸ ಏನೆಂದು ತಿಳಿದದ್ದೇ ಅವರಿಗೆ ಮಷಿನ್ನಿನ ಆಯಿಲ್ ಮೇಲೆ ಅನುಮಾನ ಬಂತು. ಲೋಹ ಕೊರೆಯುವಾಗ ಸುರಿಯುವ ಕಟಿಂಗ್ ಆಯಿಲ್ ಮಂಜಿನ ಹಾಗೆ ಏಳುವುದು ನಿಜವೇ. ಸರೋಜ ಅಲ್ಲೇ ತೀರ್ಪು ಕೊಟ್ಟುಬಿಟ್ಟಳು.

"ಆ ಕೆಲ್ಸ ಬುಟ್ಬುಡಿ. ಗಂಜಿ ಕುಡ್ಕೊಂಡಿರಾನ."

ನನಗೂ ಸಿಟ್ಟು ಉಕ್ಕಿತು. ಇಷ್ಟು ವರ್ಷ ದುಡಿದ ಮಷಿನ್ನು ನನಗೇ ಹೀಗೆ ಮಾಡಿತಲ್ಲ ಎಂದು ಮನಸ್ಸಿನಲ್ಲೇ ಬೈದೆ. ಬೈಯಲು ಒಬ್ಬ ಸಿಕ್ಕಿದರೆ ಎಷ್ಟೋ ಸಮಾಧಾನ.

ಬ್ರಾಂಕೋಸ್ಕೋಪಿ ಮಾಡಿದರು. ತೆಳ್ಳನೆಯ ಕೊಳವೆ ಒಳಗೆ ಬಿಟ್ಟು, ಉಪ್ಪುನೀರು ಹಾಯಿಸಿ, ಅದನ್ನೇ ವಾಪಸ್ಸು ಎಳೆದು ಬಾಟಲಿಯಲ್ಲಿ ಹಿಡಿದರು. ಮಂಪರು ಇಳಿದ ಮೇಲೆ ಡಾಕ್ಟರು ಆ ಬಾಟಲಿ ತೋರಿಸಿದರು. ಹಾಲು ಬೆರೆಸಿದಂಥ ನೀರು. ಅದರ ಮೇಲೆ ತೆಳ್ಳಗೆ, ಬೇರೆಯಾಗಿ ನಿಂತ ಒಂದು ಪದರ.

ಅವ್ವನ ಮಡಕೆಯಲ್ಲಿ ಹೀಗೇ ನಿಲ್ಲುತ್ತಿತ್ತು.

ಅವರು ಕೇಳುವ ಮೊದಲೇ ನನಗೆ ಗೊತ್ತಾಗಿಹೋಯಿತು. ಆದರೂ ಕೇಳಿದರು: "ಮೂಗಿಗೆ ಎಣ್ಣೆಗಿಣ್ಣೆ ಏನಾದರೂ ಬಿಟ್ಟುಕೊಳ್ಳುತ್ತೀರಾ?"

"ದಿನಾ" ಎಂದೆ.

ಡಾಕ್ಟರು ಬೈಯಲಿಲ್ಲ. ಮೈಕ್ರೋಸ್ಕೋಪಿನ ಫೋಟೋ ತೆಗೆದು ವಿವರಿಸಿದರು. ದೇಹದ ಒಂದೊಂದು ಸೆಲ್ಲಿನ, ಅಂದರೆ ಜೀವಕೋಶದ, ಹೊರಗೋಡೆಯೂ ಮುಖ್ಯವಾಗಿ ಕೊಬ್ಬಿನದೇ ಅಂತೆ, ಎರಡು ಪದರದ್ದು. ಒಳಗಿನ ನೀರು ಒಳಗೆ, ಹೊರಗಿನದು ಹೊರಗೆ ಇರುವುದು ಅದರಿಂದಲೇ. ಶ್ವಾಸಕೋಶದ ಪುಟ್ಟ ಗುಳ್ಳೆಗಳು ಉಸಿರು ಬಿಟ್ಟಾಗ ಮುದುಡಿಕೊಳ್ಳದೆ ಇರುವುದೂ ಅವುಗಳ ಒಳಮೈಯಲ್ಲಿ ಸವರಿದ ಕೊಬ್ಬಿನ ಲೇಪದಿಂದ. ಅಂದರೆ ಉಸಿರಾಡಲು ಬೇಕಾದ ಜಿಡ್ಡನ್ನು ದೇಹವೇ ಮಾಡಿಕೊಳ್ಳುತ್ತದೆ, ಬೇಕಾದಷ್ಟೇ. ಹೊರಗಿನಿಂದ ಇಳಿದ ಎಣ್ಣೆಯನ್ನು ಅಲ್ಲಿನ ಕಾವಲಿನ ಸೆಲ್ಲುಗಳು ನುಂಗುತ್ತವೆ, ಆದರೆ ಕರಗಿಸಲು ಅವಕ್ಕೆ ಬಾರದು. ಫೋಟೋದಲ್ಲಿ ಅವು ಹೊಟ್ಟೆತುಂಬ ಗುಳ್ಳೆ ತುಂಬಿಕೊಂಡು ಕೂತಿದ್ದವು. ಒಂದೊಂದು ಗುಳ್ಳೆಯೂ ಒಂದು ತೊಟ್ಟು ಎಣ್ಣೆ. ಪಾಪ, ನಾನು ಹಾಕಿದ್ದನ್ನೆಲ್ಲ ಮಾತಾಡದೆ ನುಂಗಿದ್ದವು.

"ಲಿಪಾಯ್ಡ್ ನ್ಯುಮೋನಿಯಾ. ಎಣ್ಣೆ ನಿಲ್ಲಿಸಿದರೆ ನಿಧಾನಕ್ಕೆ ಕಡಿಮೆ ಆಗಬಹುದು. ನಿಲ್ಲಿಸದಿದ್ದರೆ ಆ ಜಾಗ ಗಟ್ಟಿಯಾಗುತ್ತಾ ಹೋಗುತ್ತದೆ. ಇನ್ನು ಒಂದು ಹನಿಯೂ ಬೇಡ."

"ಒಂದೇ ಒಂದು ಹನಿ?" ಎಂದೆ. ಸರೋಜ ಅಲ್ಲೇ ತೊಡೆ ಚಿವುಟಿದಳು.

ಕ್ಯಾನ್ಸರ್ ಅಲ್ಲ ಎಂದು ಕೇಳಿ ಕುಣಿದಾಡಬೇಕಿತ್ತು. ಸರೋಜ ಬಸ್ಸಿನಲ್ಲಿ ಕೂತು ಕಣ್ಣೀರು ಸುರಿಸುತ್ತಲೇ ನಕ್ಕಳು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಅವ್ವ ತೀರಿಕೊಂಡ ದಿನ ಹೇಗಿತ್ತೋ ಹಾಗೇ ಇತ್ತು ನನಗೆ. ಬದುಕಬೇಕಾದರೆ ಅವಳ ತೊಡೆಯಿಂದ ಎದ್ದುಬರಬೇಕು ಎಂದ ಹಾಗಾಗಿತ್ತು.

ಅಕ್ಕನಿಗೆ ಏನು ಹೇಳುವುದು? ಅವಳೇ ಕಾಯಿಸಿ ಕೊಟ್ಟ ಎಣ್ಣೆ. ಹೇಳದೆ ಇದ್ದುಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಅವಳೇ ಬೇರಿಕೆ ಬಸ್ಸಿನಲ್ಲಿ ಬಂದಿಳಿದಳು. ಚೀಲದಲ್ಲಿ ಅವರೆಕಾಯಿ, ಅದರ ನಡುವೆ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಹೊಸ ಬಾಟಲಿ. ಸರೋಜ ನನ್ನ ಮುಖ ನೋಡಿದಳು. ಹೇಳಿದೆ.

ಅಕ್ಕ ನೆಲದ ಮೇಲೆ ಕುಕ್ಕರಿಸಿದಳು. "ನಾನೇ ಕೊಟ್ಟು ಕೊಟ್ಟು ನಿನ್ನ ಎದೆ ಕೆಡಿಸ್ಬುಟ್ನಲ್ಲೋ" ಎಂದು ಅತ್ತಳು. ಸ್ವಲ್ಪ ಹೊತ್ತಾದ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನನ್ನೇ ದಿಟ್ಟಿಸಿದಳು.

"ಅಲ್ಲ ಕಣ್ಲಾ, ಅವ್ವ ನಿಂಗೆ ವರ್ಷಾನುಗಟ್ಲೆ ಹಚ್ಚುದ್ಳು. ಅವಾಗ ಏನೂ ಆಗ್ಲಿಲ್ವಲ್ಲ? ನೀನ್ ಎಂಗ್ ಹಾಕ್ಕಂತಿದ್ದೆ, ತೋರ್ಸು."

ಮಲಗಿ, ಕತ್ತು ಹಿಂದಕ್ಕೆ ಚೆಲ್ಲಿ, ಮಕ್ಕಳಿಗೆ ಔಷಧಿ ಹಾಕುವ ಖಾಲಿ ಫಿಲ್ಲರನ್ನು ಮೂಗಿನ ಮೇಲೆ ಹಿಡಿದು ತೋರಿಸಿದೆ.

ಅಕ್ಕ ಹಣೆ ಚಚ್ಚಿಕೊಂಡಳು.

"ಅಯ್ಯೋ ಮಂಕು ಮುಂಡೇದೆ! ಅವ್ವ ಯಾವತ್ಲಾ ಹನಿ ಬುಟ್ಟಿದ್ಳು? ಕಿರುಬೆಳ್ಳಾಗೆ ಅದ್ಕಂಡು ಮೂಗಿನ ಅಂಚಿಗೆ ಸವರೋಳು, ಅಷ್ಟೇಯ. ಉಳಿದಿದ್ದು ನೆತ್ತಿಗೆ ತಟ್ಟೋಳು. ನೀನು ಕಣ್ಣು ಮುಚ್ಕಂಡು ಬಿದ್ಕಂಡಿರ್ತಿದ್ದೆ, ನಿಂಗೇನ್ ಗೊತ್ತು?"

ಅವಳು ಹೇಳಿದ್ದು ನಿಜವಿರಬೇಕು. ನೆನಪಿನಲ್ಲಿ ಹುಡುಕಿದೆ. ಬೆಚ್ಚಗಿನ ಸ್ಪರ್ಶ ಇತ್ತು, ವಾಸನೆ ಇತ್ತು, ಬಳೆಯ ಸದ್ದೂ ಇತ್ತು. ಹನಿ ಬಿದ್ದದ್ದನ್ನು ಮಾತ್ರ ನಾನು ಕಂಡಿರಲಿಲ್ಲ. ಅವಳು ಹೋದ ಮೇಲೆ ಆ ಬೆರಳಿನ ಕೊರತೆಯನ್ನು ಎಣ್ಣೆಯಲ್ಲಿ ತುಂಬಿಕೊಳ್ಳಲು ಹೋಗಿದ್ದೆ, ದಿನಕ್ಕಿಷ್ಟು ಹೆಚ್ಚು ಮಾಡುತ್ತಾ.

ಹೋದ ವಾರ ಮತ್ತೆ ಸ್ಕ್ಯಾನ್ ಆಯಿತು. ಮಚ್ಚೆ ಪೂರ್ತಿ ಹೋಗಿಲ್ಲ, ಸಣ್ಣದಾಗಿದೆ. ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಲ್ಲಬೇಕು, ಪರವಾಗಿಲ್ಲ. ಮಷಿನ್ನಿನ ಮುಂದೆ ಮಾಸ್ಕ್ ಹಾಕಿ ನಿಲ್ಲುತ್ತೇನೆ; ಸುಮ್ಮನೆ ಬೈದದ್ದಕ್ಕೆ ಅದರ ಮೇಲೆ ಒಂದಿಷ್ಟು ಮರುಕವೂ ಇದೆ. ಒಳಗೆ ಆ ಕಾವಲಿನ ಸೆಲ್ಲುಗಳು ಇನ್ನೂ ಹೊರೆ ಇಳಿಸಿಕೊಳ್ಳುತ್ತಿವೆಯಂತೆ. ಅವಕ್ಕೂ ಒಂದು ಕೃತಜ್ಞತೆ ಹೇಳಬೇಕು.

ರಿಪೋರ್ಟ್ ಕೇಳಲು ಅಕ್ಕ ಬಂದಿದ್ದಳು. ಊಟವಾದ ಮೇಲೆ ಗೋಡೆಗೊರಗಿ ಕಾಲು ಚಾಚಿ, "ಬಾ ಇಲ್ಲಿ" ಎಂದಳು. ಮೊಮ್ಮಕ್ಕಳಿರುವ ಗಂಡಸು ನಾನು, ಅವಳ ತೊಡೆಯ ಮೇಲೆ ತಲೆಯಿಟ್ಟೆ. ಅವಳು ಕಿರುಬೆರಳನ್ನು ಎಣ್ಣೆಯಲ್ಲಿ ಅದ್ದಿದಳು. ಬೆರಳು ಅವ್ವನ ಬೆರಳಿನ ಹಾಗೆಯೇ ಮೂಗಿನ ಹತ್ತಿರ ಬಂತು. ಅಲ್ಲಿ ನಿಂತಿತು. ಆಮೇಲೆ ನೆತ್ತಿಗೆ ಹೋಯಿತು.

"ಕಣ್ಣು ಮುಚ್ಕೋ" ಎಂದಳು ಅಕ್ಕ.

ಈ ಸಲ ನಾನು ಮುಚ್ಚಲಿಲ್ಲ.