ಗುರ್ತ ಉಂಟಾ, ಟೀಚರ್?

ಕಳೆದ ವಾರ ಬಂಟ್ವಾಳದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ನನ್ನೆದುರು ಬಂದು ನಿಂತು, ಕೊಡೆ ಮಡಚುತ್ತ, ‘ಗುರ್ತ ಸಿಕ್ಕಿತಾ?’ ಎಂದರು. ಸಿಕ್ಕಿರಲಿಲ್ಲ. ಆದರೂ ‘ಸಿಗದೆ ಏನು!’ ಎಂದೆ. ಅವರ ಮಗಳ ಮದುವೆ, ಸೊಂಟನೋವು, ಹೊಸ ರಸ್ತೆಗೆ ಹೋದ ಅಂಗಳದ ತುಂಡು ಎಲ್ಲವನ್ನೂ ಕೇಳಿಸಿಕೊಂಡೆ. ಅವರು ಬೆಳ್ತಂಗಡಿಯ ಬಸ್ಸು ಹತ್ತಿ ಕೈಬೀಸಿದಾಗ ನಾನೂ ಬೀಸಿದೆ. ಅವರು ಯಾರೆಂದು ಈಗಲೂ ಗೊತ್ತಿಲ್ಲ.

ನೀವು ನಮ್ಮ ಕಡೆಯವರಾದರೆ ಇದನ್ನು ವಿವರಿಸಬೇಕಾಗಿಲ್ಲ. ಮದುವೆ, ಬಸ್ಸು, ಆಸ್ಪತ್ರೆ, ಎಲ್ಲಿ ಸಿಕ್ಕಿದರೂ ಮೊದಲು ಈ ಪ್ರಶ್ನೆ. ಹೆಸರು ಹೇಳಿಕೊಂಡು ಮಾತು ಶುರು ಮಾಡುವುದು ನಮ್ಮಲ್ಲಿ ಬ್ಯಾಂಕಿನವರ ಕೆಲಸ. ‘ಗುರ್ತ ಸಿಗಲಿಲ್ಲ’ ಎಂದವರು ಸೊಕ್ಕಿನವರು. ಹಾಗಾಗಿ ಸುಳ್ಳುಸುಳ್ಳೇ ಗುರುತು ಹಿಡಿಯುವುದನ್ನು ನಾವೆಲ್ಲ ಚಿಕ್ಕಂದಿನಲ್ಲೇ ಕಲಿತಿರುತ್ತೇವೆ. ಈ ವಿದ್ಯೆಯಲ್ಲಿ ನನ್ನ ಅಮ್ಮನಷ್ಟು ನುರಿತವರನ್ನು ನಾನು ನೋಡಿಲ್ಲ. ಅದು ಅವಳಿಗೆ ನಿಜವಾಗಿ ಬೇಕಾಗಿಬಂದದ್ದು ತಲೆಗೆ ಪೆಟ್ಟು ಬಿದ್ದ ಮೇಲೆ.

ಅಮ್ಮ ವಾಮದಪದವಿನ ಹತ್ತಿರ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದಳು. ತೊಂಬತ್ತರ ದಶಕದ ಕೊನೆಯ ಒಂದು ಡಿಸೆಂಬರಿನಲ್ಲಿ, ಪುಂಜಾಲಕಟ್ಟೆಯ ಹತ್ತಿರ, ಸಹೋದ್ಯೋಗಿಯ ಸ್ಕೂಟರಿನ ಹಿಂದಿನ ಸೀಟಿನಿಂದ ಬಿದ್ದಳು. ಸೆರಗು ಚಕ್ರಕ್ಕೆ ಸಿಕ್ಕಿಕೊಂಡಿತ್ತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಕೈಕಾಲು ಸರಿಯಿತ್ತು, ಮಾತು ಸರಿಯಿತ್ತು, ಜಡೆ ಇರಲಿಲ್ಲ. ಅಪ್ಪ ಮಸ್ಕತ್‌ನಲ್ಲಿದ್ದರು. ನಾನು ಆಗಷ್ಟೇ ಎಂ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದೆ. ಹುಡುಕುವುದನ್ನು ನಿಲ್ಲಿಸಿ ಮನೆಯಲ್ಲಿ ಕುಳಿತೆ.

ನೋಡಲು ಬರುವವರಿಗೆ ಕೊನೆಯಿರಲಿಲ್ಲ. ಬಹಳ ಮಂದಿ ಹಳೆಯ ವಿದ್ಯಾರ್ಥಿಗಳು.

‘ಗುರ್ತ ಉಂಟಾ, ಟೀಚರ್?’

‘ಗುರ್ತ ಇಲ್ಲದೆ ಮತ್ತೆ! ನೀನೇ ಹೇಳು ನೋಡುವ, ಯಾವ ಬೆಂಚಿನಲ್ಲಿ ಕೂತುಕೊಳ್ತಿದ್ದದ್ದು?’

‘ಕೊನೇ ಬೆಂಚು, ಟೀಚರ್!’

‘ಮತ್ತೆ ಮಗ್ಗಿ ಹೇಗೆ ಬರ್ತದೆ ನಿನಗೆ! ಪಕ್ಕದಲ್ಲಿ ಯಾರು?’

‘ಹಮೀದ. ಅವ ಈಗ ದುಬೈಯಲ್ಲಿ.’

‘ಹ್ಞಾ, ಹಮೀದ. ಅವನನ್ನು ಮರೀಲಿಕ್ಕುಂಟಾ?’

ಉತ್ತರ ಹೊಳೆಯದಾಗ ಪ್ರಶ್ನೆಯನ್ನು ಮಕ್ಕಳ ಕಡೆಗೇ ತಿರುಗಿಸುವುದು ಮೇಷ್ಟರುಗಳ ಹಳೆಯ ಉಪಾಯ. ಬಂದವರು ತಾವೇ ಉತ್ತರ ಹೇಳಿ, ಅಂಕವನ್ನು ಅಮ್ಮನಿಗೆ ಕೊಟ್ಟು, ಸಂತೋಷದಿಂದ ಹೋಗುತ್ತಿದ್ದರು. ಗೇಟು ಮುಚ್ಚಿದ ಸದ್ದಾದ ಮೇಲೆ ಅಮ್ಮ ನನ್ನತ್ತ ತಿರುಗಿ, ಮನೆಮಾತಾದ ತುಳುವಿನಲ್ಲಿ ಮೆಲ್ಲಗೆ ಕೇಳುವಳು: ‘ಆಯೆ ಏರ್?’ ಅವನು ಯಾರು?

ನೋಡಲು ಬಂದ ಹೆಡ್‌ಮಾಸ್ಟ್ರೂ ಹೀಗೇ ಮೋಸಹೋದರು. ‘ಎಂತ ಮರೆವು ಮಾರಾಯ್ತಿ, ನನಗಿಂತ ನಿನ್ನ ಅಮ್ಮನಿಗೆ ನೆನಪು ಜಾಸ್ತಿ ಉಂಟು. ಜೂನ್‌ನಲ್ಲಿ ಶಾಲೆಗೆ ಬರಲಿ’ ಎಂದರು. ಅಮ್ಮನ ಮುಖ ಅರಳಿತು. ಆಮೇಲೆ ಏನು ಮರೆತರೂ ಅವಳು ‘ಜೂನ್’ ಎಂಬ ಶಬ್ದವನ್ನು ಮರೆಯಲಿಲ್ಲ. ಬೆಳಗ್ಗೆ ಚಾ ಕುಡಿದದ್ದು ಮರೆತು ಮತ್ತೆ ಚಾಕ್ಕೆ ಇಡುವಳು, ಆದರೆ ಶಾಲೆಗೆ ಉಡುವ ಸೀರೆಗಳನ್ನು ಇಸ್ತ್ರಿ ಮಾಡಿ ಜೋಡಿಸುವಳು. ಡಾಕ್ಟರು ಮಾತ್ರ, ನೆನಪಿನ ಪರೀಕ್ಷೆ ಆಗದೆ ಸರ್ಟಿಫಿಕೇಟು ಕೊಡುವುದಿಲ್ಲ ಎಂದು ನಮ್ಮನ್ನು ಮೂಡುಬಿದಿರೆಯ ಒಂದು ಆಸ್ಪತ್ರೆಗೆ ಕಳಿಸಿದರು.

ಅಲ್ಲಿಗೆ ವಾರಕ್ಕೊಮ್ಮೆ ಬರುತ್ತಿದ್ದ ಮನಃಶಾಸ್ತ್ರಜ್ಞೆ ಮೈಸೂರಿನವಳು, ನನ್ನದೇ ವಯಸ್ಸು. ಕೆಲವು ಪದಗಳನ್ನು ಹೇಳಿ, ನೆನಪಿಟ್ಟುಕೊಳ್ಳಿ ಎಂದಳು. ಅಡುಗೆ, ಊರು ಎಂದು ಸ್ವಲ್ಪ ಹೊತ್ತು ಮಾತಾಡಿಸಿದಳು. ಆಮೇಲೆ, ‘ಈಗ ಆ ಪದಗಳನ್ನ ಹೇಳ್ತೀರಾ?’ ಎಂದಳು.

‘ಹೇಳುವ. ಮೊದಲನೆಯದ್ದು ನೀವು ಹೇಳಿ, ನೋಡುವ.’

‘ಕನ್ನಡಿ’ ಎಂದು ಹೇಳಿಯೇಬಿಟ್ಟಳು ಅವಳು. ಹೇಳಿ ನಾಲಿಗೆ ಕಚ್ಚಿಕೊಂಡಳು.

‘ಶಹಭಾಸ್’ ಎಂದಳು ಅಮ್ಮ.

ಮೂವರೂ ನಕ್ಕೆವು. ಅಂದಿನ ನಗು ಅಷ್ಟೇ. ಬಸ್ಸಿನಲ್ಲಿ ಚೀಲ ಕಳೆದುಕೊಂಡ ಹೆಂಗಸಿನ ಒಂದು ಪುಟ್ಟ ಕತೆಯನ್ನು ಓದಿ, ತಿರುಗಿ ಹೇಳಲು ಕೇಳಿದಾಗ ಅಮ್ಮ ಬೇರೆಯೇ ಒಂದು ಕತೆ ಹೇಳಿದಳು. ಅದಕ್ಕೆ ಆದಿ ಅಂತ್ಯ ಎರಡೂ ಇದ್ದವು. ಅದರಲ್ಲಿ ಜ್ವರ ಬಂದ ಒಂದು ಮಗುವೂ ಇತ್ತು. ‘ಮಗು ಎಲ್ಲಿಂದ ಬಂತು?’ ಎಂದು ಮನಃಶಾಸ್ತ್ರಜ್ಞೆ ಮೆಲ್ಲಗೆ ಕೇಳಿದಳು. ‘ಕತೆ ಅಂದಮೇಲೆ ಒಂದು ಮಗು ಬೇಡವಾ?’ ಎಂದಳು ಅಮ್ಮ. ನಡುನಡುವೆ ಅಮ್ಮನ ಕಣ್ಣು ನನ್ನತ್ತ ಬರುತ್ತಿತ್ತು, ಉತ್ತರ ಹೇಳಿಕೊಡಲು ನನ್ನ ತುಟಿ ತಾನಾಗಿಯೇ ಅಲುಗುತ್ತಿತ್ತು. ಮನಃಶಾಸ್ತ್ರಜ್ಞೆ ಎದ್ದು ಬಂದು ನನ್ನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿದಳು. ಎಂ.ಎ. ಆದ ಮೇಲೆ ನನಗೆ ಸಿಕ್ಕಿದ ಮೊದಲ ಶಿಕ್ಷೆ ಅದು.

ಹೊರಡುವಾಗ ನನ್ನನ್ನು ಬದಿಗೆ ಕರೆದು ಹೇಳಿದಳು: ‘ಅಮ್ಮ ಮರೀತಾರೆ ಅನ್ನೋದು ದೊಡ್ಡದಲ್ಲ. ಮರೆತಿರೋ ಜಾಗವನ್ನೆಲ್ಲ ತುಂಬಿಸಿಬಿಡ್ತಾರೆ. ಒಂದ್ಸಲ ‘ಗೊತ್ತಿಲ್ಲ’ ಅಂದ್ರೆ ಸಾಕು, ಅಲ್ಲಿಂದ ನಮ್ಮ ಕೆಲಸ ಶುರು. ಮನೆಗೆ ಬರೋರು ಹೆಸರು ಹೇಳಿಯೇ ಮಾತಾಡಲಿ. ಪರೀಕ್ಷೆ ಮಾಡೋದು ಬೇಡ.’

ಅಂದಿನಿಂದ ನಾನು ಜಗಲಿಯಲ್ಲಿ ಕಾವಲು ನಿಂತೆ. ‘ನಮ್ಮ ಟೀಚರಿಗೆ ನಾವು ಹೆಸರು ಹೇಳಬೇಕಾ? ಓದಿದ್ದು ತಲೆಗೆ ಹತ್ತಿದೆ ಇವಳಿಗೆ’ ಎಂದು ಅಂಗಳದಲ್ಲೇ ನನಗೆ ಕೇಳುವಂತೆ ಹೇಳಿ ಹೋದವರಿದ್ದಾರೆ. ಬರುವವರು ಕಡಿಮೆಯಾದರು. ಉಳಿದದ್ದು ಅಮ್ಮ ಮತ್ತು ಅವಳ ಪ್ರಶ್ನೆಗಳು. ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು ನನಗೆ ದಣಿವಾಗಲಿಲ್ಲ. ಒಂದೇ ಉತ್ತರವನ್ನು ಪ್ರತಿಸಲವೂ ಮೊದಲ ಸಲ ಹೇಳುವ ಮುಖದಲ್ಲಿ ಹೇಳುವುದಿದೆಯಲ್ಲ, ಅದು ದಣಿಸಿತು. ಕೆಲವು ಸಂಜೆ ನನ್ನ ಮುಖವೇ ನನಗೆ ಭಾರವಾಗುತ್ತಿತ್ತು.

ಮೇ ತಿಂಗಳಲ್ಲಿ ಮತ್ತೆ ಪರೀಕ್ಷೆ. ಈ ಸಲ ನಾನಾಗಿಯೇ ಗೋಡೆಯ ಕಡೆಗೆ ತಿರುಗಿ ಕುಳಿತೆ. ಅಮ್ಮ ಕೆಲವು ಪದಗಳನ್ನು ಹೇಳಿದಳು, ಕೆಲವನ್ನು ತಾನೇ ಸೃಷ್ಟಿಸಿದಳು. ಆಮೇಲೆ ಮನಃಶಾಸ್ತ್ರಜ್ಞೆ ಕೇಳಿದಳು: ‘ಮಗಳು ಏನು ಓದಿದಾರೆ?’

ಅಪಘಾತಕ್ಕೆ ಕೆಲವೇ ತಿಂಗಳ ಹಿಂದೆ ನನ್ನ ಪದವಿ ಪ್ರದಾನಕ್ಕೆ ಅಮ್ಮ ಬಂದಿದ್ದಳು. ಎಲ್ಲರೂ ನಿಲ್ಲಿಸಿದ ಮೇಲೂ ಚಪ್ಪಾಳೆ ತಟ್ಟುತ್ತಿದ್ದಳು. ನನಗೆ ನಾಚಿಕೆಯಾಗಿತ್ತು. ಈಗ ಬೆನ್ನ ಹಿಂದೆ ‘ಅವಳನ್ನೇ ಕೇಳುವ’ ಎಂದು ಅಮ್ಮ ಶುರು ಮಾಡಿ ನಿಲ್ಲಿಸಿದಳು. ಬಹಳ ಹೊತ್ತಾದ ಮೇಲೆ ಒಂದು ಸಣ್ಣ ಸ್ವರ ಬಂತು:

‘ಎಂಕ್ ಗೊತ್ತಿಜ್ಜಿ.’

ಕನ್ನಡದಲ್ಲಿ ಅಮ್ಮ ಆ ಮಾತು ಆಡಿದ್ದನ್ನು ನಾನು ಕೇಳಿರಲೇ ಇಲ್ಲ. ಕನ್ನಡ ಅವಳು ಸೀಮೆಸುಣ್ಣ ಹಿಡಿದು ನಿಂತು ಆಡುವ ಭಾಷೆ. ಇದು ಅಡುಗೆಮನೆಯ ತುಳುವಿನಲ್ಲಿ ಬಂದಿತ್ತು.

‘ಏನಂದ್ರು?’ ಮೈಸೂರಿನವಳು ನನ್ನನ್ನು ಕೇಳಿದಳು.

‘ನನಗೆ ಗೊತ್ತಿಲ್ಲ ಅಂತ ಹೇಳಿದರು’ ಎಂದು ಗೋಡೆಗೆ ಹೇಳಿದೆ.

‘ಒಳ್ಳೇದಾಯ್ತು’ ಎಂದಳು ಅವಳು. ಒಳ್ಳೆಯದೇ ಇರಬೇಕು. ನನಗೆ ಹಾಗನ್ನಿಸಲು ಬಹಳ ಕಾಲ ಬೇಕಾಯಿತು.

ಸ್ವಲ್ಪ ಹೊತ್ತಿನ ಕ್ಲಾಸು ತೆಗೆದುಕೊಂಡು ನೋಡಬಹುದು ಎಂದು ಡಾಕ್ಟರು ಕೊನೆಗೆ ಒಪ್ಪಿದರು. ಹೆಡ್‌ಮಾಸ್ಟ್ರು ಅಂದೇ ಸಂಜೆ ಬಂದರು. ಅವರು ಮಾತು ಮುಗಿಸುವವರೆಗೆ ಅಮ್ಮ ಕಾದಳು.

‘ಬೇಡ ಮಾಸ್ಟ್ರೇ.’

‘ಎಂತ ಟೀಚರ್ ನೀವು? ಮರೆತರೆ ಪುಸ್ತಕ ಉಂಟಲ್ಲ?’

‘ಮರೆತದ್ದು ಗೊತ್ತಾದರೆ ಅಲ್ವಾ ಪುಸ್ತಕ ನೋಡುವುದು? ನನಗೆ ಗೊತ್ತಾಗುವುದಿಲ್ಲ, ಬೇರೆಯೇ ಏನಾದರೂ ಹೇಳ್ತೇನೆ. ನೀವಾದರೆ ತಪ್ಪು ಅಂತೀರಿ. ಮಕ್ಕಳು ಬರ್ಕೊಳ್ತಾರೆ.’

ಹೆಡ್‌ಮಾಸ್ಟ್ರು ಚಾ ಮುಗಿಸಿ ಎದ್ದರು. ಸೀರೆಗಳನ್ನು ಅಮ್ಮ ಮರುದಿನ ತಾನೇ ಟ್ರಂಕಿನಲ್ಲಿಟ್ಟಳು. ಇಟ್ಟದ್ದನ್ನು ಮರೆತು ಹುಡುಕಲೂ ಇಲ್ಲ.

ಈಗ ನಾನು ಮೂಡುಬಿದಿರೆಯಲ್ಲಿ ಪಾಠ ಮಾಡುತ್ತೇನೆ, ಅಮ್ಮ ನನ್ನೊಂದಿಗಿದ್ದಾಳೆ. ‘ಗೊತ್ತಿಲ್ಲ’ ಎಂಬುದು ಅವಳಿಗೆ ಈಗ ಎರಡು ಭಾಷೆಯಲ್ಲೂ ಸಲೀಸು. ಮೊನ್ನೆ ಭಾನುವಾರ ಬಟಾಣಿ ಸುಲಿಯುತ್ತ ಮತ್ತೆ ಕೇಳಿದಳು.

‘ನಿನಗೆ ಪದವಿ ಕೊಡುವಾಗ ನಾನು ಬಂದಿದ್ದೆನಾ?’

‘ಬಂದಿದ್ದೆ.’

‘ಯಾವ ಸೀರೆ ಉಟ್ಟಿದ್ದೆ?’

‘ನೀಲಿ’ ಎಂಬ ಉತ್ತರ ಇಷ್ಟು ವರ್ಷದಿಂದ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಅಂದು ಯಾಕೋ ನಿಜವಾಗಿ ನೋಡಲು ಪ್ರಯತ್ನಿಸಿದೆ. ಚಪ್ಪಾಳೆ ತಟ್ಟುವ ಕೈಗಳು ಕಂಡವು, ಬಳೆಗಳು ಕಂಡವು. ಸೀರೆ ಕಾಣಲಿಲ್ಲ.

‘ಗೊತ್ತಿಲ್ಲಮ್ಮ’ ಎಂದೆ.

ಅಮ್ಮ ಇನ್ನೊಂದು ಬಟಾಣಿ ಸುಲಿದಳು.

‘ಆಯ್ತು ಬಿಡು’ ಎಂದಳು. ‘ಕೆಂಪು ಅಂತ ಇಟ್ಟುಕೊಳ್ಳುವ.’